ಬಣ್ಣದ ವಾಸನೆ

ಮಾವ, ಅತ್ತೆ ಇಬ್ಬರನ್ನೂ ನಾನು ಸಿನಿಮಾಕ್ಕೆ ಕರೆದೊಯ್ದ ದಿನ ಏನೇನು ಕೆಡಬಹುದಿತ್ತು! ಆಟೋ ಮೆಜೆಸ್ಟಿಕ್ಕಿನಲ್ಲಿ ಸಿಕ್ಕಿಕೊಳ್ಳಬಹುದಿತ್ತು, ಎ.ಸಿ.ಗೆ ಮಾವನಿಗೆ ನೆಗಡಿಯಾಗಬಹುದಿತ್ತು, ಕತ್ತಲೆಯ ಮೆಟ್ಟಿಲಲ್ಲಿ ಅತ್ತೆ ಎಡವಬಹುದಿತ್ತು, ಪರದೆಯ ಮೇಲೆ ಮುತ್ತಿಡುವ ದೃಶ್ಯ ಬಂದು ಎತ್ತ ನೋಡಬೇಕೋ ತಿಳಿಯದೆ ನಾನು ಬೆವರಬಹುದಿತ್ತು. ಎಲ್ಲಕ್ಕೂ ಸಿದ್ಧನಾಗಿದ್ದೆ, ಮಫ್ಲರ್ ಕೂಡ ಒಯ್ದಿದ್ದೆ. ಕತೆ ಏನೆಂದು ಮಾತ್ರ ವಿಚಾರಿಸಿರಲಿಲ್ಲ.

ಇದೀಗ ಪಕ್ಕದ ಮನೆಗೆ ಬಣ್ಣ ಹೊಡೆಯುತ್ತಿದ್ದಾರೆ, ಅದಕ್ಕೇ ನೆನಪಾಯಿತು. ಬಹಳ ಹಿಂದೆ ಅವರಿಬ್ಬರ ಗವಿಪುರದ ಮನೆಗೆ ಬಣ್ಣ ಹೊಡೆಸುವಾಗ, ವಾಸನೆಗೆ ತಲೆನೋವೆಂದು ಮಾವ ಹನುಮಂತನಗರದಲ್ಲೊಂದು ರೂಮು ಹಿಡಿದರು. ಬಣ್ಣ ಒಣಗಿತು. ಮಾವ ವಾಪಸಾಗಲಿಲ್ಲ. ಜಗಳವೇನಿಲ್ಲ ಅನ್ನಿ. ದಿನಾ ಬೆಳಿಗ್ಗೆ ಬಂದು ಬೆಲ್ ಮಾಡುವರು. ಅತ್ತೆ ಬಾಗಿಲು ತೆಗೆದು "ಬನ್ನಿ" ಎನ್ನುವರು. ಕಾಫಿ, ಪೇಪರು, ಊಟ, ಒಂದು ಸಣ್ಣ ನಿದ್ದೆ, ದೀಪ ಹಚ್ಚುವ ಹೊತ್ತಿಗೆ "ಬರ್ತೀನಿ." ನೆಂಟರು ಲಗ್ನಪತ್ರಿಕೆ ಹಿಡಿದು ಎರಡೂ ಕಡೆ ಹೋಗುತ್ತಿದ್ದರು. ಮುಟ್ಟದಿದ್ದರೆ ನಡೆಯುವ ಹಳೆಯ ಗೋಡೆ ಗಡಿಯಾರದಂಥ ಸಂಸಾರ. ಮುಟ್ಟಿದವನು ನಾನು.

ಸಿನಿಮಾದಲ್ಲೂ ಗಂಡ ಹೆಂಡತಿಗೆ ಎರಡು ಮನೆ. ಕುರ್ಚಿಯಲ್ಲೇ ಕುಗ್ಗಿದೆ. ಕೊನೆಗೂ ಅವರು ಒಂದಾಗಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಇಬ್ಬರ ನಡುವೆ ನಾನು.

"ಅವನೇ ಬರಬಹುದಿತ್ತಪ್ಪ," ಎಂದರು ಅತ್ತೆ.

"ಕರೆದ್ರೆ ತಾನೇ ಬರೋದು?" ಎಂದರು ಮಾವ.

"ಅವನ ಮನೆಗೆ ಅವನನ್ನೇ ಅಕ್ಷತೆ ಕೊಟ್ಟು ಕರೀಬೇಕಿತ್ತಾ?"

ನಾನು ಟ್ರಾಫಿಕ್ಕಿನ ಬಗ್ಗೆ ಏನೋ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಗವಿಪುರದಲ್ಲಿ ಇಳಿದ ಅತ್ತೆ ಗೇಟು ಹಿಡಿದು, ಮಾವನ ಮುಖ ನೋಡದೆ ಹೇಳಿದರು: "ಬಣ್ಣ ಒಣಗಿದೆ, ರೀ."

"ನೋಡೋಣ," ಎಂದರು ಮಾವ. ಆಟೋ ಹನುಮಂತನಗರಕ್ಕೇ ಹೋಯಿತು.

ಮುಗಿಯಿತು, ಇನ್ನು ಮಾವ ಕಾಫಿಗೂ ಬರಲಾರರು ಎಂದುಕೊಂಡು ಬೆಳಗಾಗುತ್ತಲೇ ಅತ್ತೆಯ ಮನೆಗೆ ಓಡಿದೆ. ಗಾಬರಿಯಲ್ಲಿ ಒಳಗೆ ನುಗ್ಗಿದವನು ಅವರ ಮುಂಬಾಗಿಲು ಹಾಕಲೂ ಮರೆತಿದ್ದೆ. ಅತ್ತೆ ಒಲೆಯ ಮೇಲೆ ಹಾಲಿಟ್ಟು, ಬೆಲ್ಲಿಗೆ ಕಿವಿಗೊಟ್ಟು ನಿಂತಿದ್ದರು. ಹೊತ್ತು ಮೀರಿತು. ಬೆಲ್ ಆಗಲಿಲ್ಲ. ನಾನು ಸಮಾಧಾನದ ಮಾತು ಹುಡುಕುತ್ತಿರುವಾಗ ಅಡುಗೆಮನೆಯ ಹೊಸ್ತಿಲಲ್ಲಿ ಮಾವ, ಕಂಕುಳಲ್ಲಿ ಸುತ್ತಿದ ಹಾಸಿಗೆ. ಅತ್ತೆ ತಿರುಗಿ ನೋಡಿದರು, ನೋಡುತ್ತಲೇ ನಿಂತರು. ಹಾಲು ಉಕ್ಕಿತು.

"ಒಂದ್ ಬೆಲ್ ಮಾಡೋಕೇನ್ರೀ ನಿಮ್ಗೆ! ನೋಡಿ, ಹಾಲೆಲ್ಲ ಹೋಯ್ತು!"

"ನಮ್ಮನೆಗೆ ನಾನೇ ಬೆಲ್ ಮಾಡ್ಬೇಕೇನೇ?"

ಹೊಸ ಮನೆಗೆ ಕಾಲಿಡುವ ದಿನ ಒಲೆಯ ಮುಂದೆ ನಿಂತು, ಬೇಕೆಂದೇ ಹಾಲು ಉಕ್ಕಿಸುವ ಜನ ನಾವು. ಅತ್ತೆ ಮಾತ್ರ ಬೈಯುತ್ತ ಕಟ್ಟೆ ಒರೆಸಿದರು. ಮೂವರೂ ಬರೀ ಡಿಕಾಕ್ಷನ್ ಕುಡಿದೆವು. ಕೆಟ್ಟದ್ದು ಅಷ್ಟೇ.

ಪಕ್ಕದ ಮನೆಯ ವಾಸನೆ ಕಿಟಕಿಯಿಂದ ಬರುತ್ತಲೇ ಇದೆ. ತಲೆ ಸಿಡಿಯುತ್ತಿದೆ. ನಾನು ಮಾತ್ರ ಕದಲುವುದಿಲ್ಲ.