ಶ್ರೀಲಂಕಾದಲ್ಲಿ ಒಂದು ಬಿಸಿ ಊಟ

ನಮ್ಮ ಯಜಮಾನರಿಗೆ ಫಾರಿನ್ ನೋಡುವ ಆಸೆಯೇನೂ ಇರಲಿಲ್ಲ. ಕುಣಿಗಲ್‌ನಲ್ಲಿದ್ದ ನನ್ನ ಅಣ್ಣ ಅತ್ತಿಗೆ ಸಿಂಗಪುರಕ್ಕೆ ಹೋಗಿ ಬಂದು, ದಪ್ಪ ಆಲ್ಬಂ ಒಂದನ್ನು ನಮ್ಮ ತೊಡೆ ಮೇಲೆ ಇಟ್ಟು, ಒಂದೊಂದೇ ಹಾಳೆ ತಿರುಗಿಸಿ ತೋರಿಸಿದ ಮೇಲೆ ಆಸೆ ಹುಟ್ಟಲೇಬೇಕಾಯಿತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಇವರಿಗೆ ತುಮಕೂರಿನಲ್ಲಿ ಸರ್ಕಾರಿ ನೌಕರಿ, ಮರಳೂರಿನಲ್ಲಿ ಮನೆ, ಗುಬ್ಬಿ ಹತ್ತಿರ ತೆಂಗಿನ ತೋಟ. ಭಾನುವಾರ ಬಂತೆಂದರೆ ಮರಗಳ ಯೋಗಕ್ಷೇಮ ವಿಚಾರಿಸಲು ಹೊರಟುಬಿಡುವರು. ಬಹಳ ಯೋಚನೆ ಮಾಡಿ ಶ್ರೀಲಂಕಾ ಅಂದರು. ಪರದೇಶಕ್ಕೆ ಹೋದ ಹಾಗೂ ಆಗಬೇಕು, ತೋಟದಿಂದ ತುಂಬ ದೂರ ಹೋದ ಹಾಗೂ ಆಗಬಾರದು.

ನಾನು ಒಂದು ಷರತ್ತು ಹಾಕಿದೆ. ಅಲ್ಲಿ ನಾನು ಕೂತು ಬಿಸಿಬಿಸಿಯಾಗಿ ಉಣ್ಣಬೇಕು, ಬೇರೆಯವರು ಬಡಿಸಬೇಕು. ಕೇಳಿದವರಿಗೆ ಇಷ್ಟೇನಾ ಅನ್ನಿಸಬಹುದು. ಅತ್ತೆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಗಂಡಸರ ಊಟ ಮೊದಲು, ಆಮೇಲೆ ಮಕ್ಕಳದು, ಆಮೇಲೆ ಅತ್ತೆಯದು. ಕೊನೆಗೆ ತಳ ಕಂಡ ಸಾರಿನ ಜೊತೆ ನನ್ನದು. ಮರಳೂರಿಗೆ ಬಂದು ಡೈನಿಂಗ್ ಟೇಬಲ್ ತಂದ ಮೇಲೂ ಅವರು ಕೂರುವವರು, ನಾನು ಸೌಟು ಹಿಡಿದು ನಿಲ್ಲುವವಳು. ಟೇಬಲ್ಲು ಬಂದದ್ದರಿಂದ ಬಗ್ಗಿ ಬಡಿಸುವುದು ತಪ್ಪಿತು, ಅಷ್ಟೇ ಪ್ರಗತಿ.

"ಅಷ್ಟೇ ತಾನೇ? ಆಗ್ಲಿ ಬುಡು," ಅಂದರು ಇವರು.

ಕೊಲಂಬೊದಿಂದ ಕ್ಯಾಂಡಿಗೆ ವ್ಯಾನಿನಲ್ಲಿ ಹೊರಟೆವು. ಡ್ರೈವರಿಗೆ ತಮಿಳು ಬರುತ್ತಿತ್ತು. ತಮಗೂ ಬರುತ್ತದೆ ಎಂದು ಇವರು ನಂಬಿದ್ದರು. ದಾರಿಯುದ್ದಕ್ಕೂ ತೆಂಗಿನ ತೋಟ! ತೋಟ ಕಂಡಲ್ಲೆಲ್ಲ ವ್ಯಾನ್ ನಿಲ್ಲಿಸಿ ಇಳಿದು, ಬುಡ ನೋಡಿ, ಗರಿ ನೋಡಿ, ತಲೆಯೆತ್ತಿ ಗೊನೆ ನೋಡಿ ಬರುತ್ತಿದ್ದರು.

"ನೋಡೇ, ಸಾಲಿಗೂ ಸಾಲಿಗೂ ಎಷ್ಟು ಜಾಗ ಬಿಟ್ಟವ್ರೆ! ಆದ್ರೂ ಕಾಯಿ ನಮ್ಮ ಕಡೇದೇ ವಾಸಿ ಕಣೇ."

ವಿಮಾನ ಹತ್ತಿ, ಸಮುದ್ರ ದಾಟಿ ಬಂದು ಗುಬ್ಬಿಯ ತೋಟಕ್ಕೆ ಸರ್ಟಿಫಿಕೇಟ್ ಕೊಟ್ಟದ್ದಾಯಿತು. ಕೊನೆಗೆ ತೆಂಗು ಮುಗಿದು ಘಾಟಿ ಶುರುವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳವಾದ ಕಣಿವೆ, ಅದರೊಳಗೆ ಇಳಿಯುವ ಮೋಡ. ಅಷ್ಟು ಹೊತ್ತಿಗೆ ಇವರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಕಣಿವೆಯೆಲ್ಲ ನನ್ನೊಬ್ಬಳದೇ ಆಯಿತು. ನಿಜ ಹೇಳುತ್ತೇನೆ, ಆ ಇಡೀ ಪ್ರವಾಸದಲ್ಲಿ ನನಗೆ ಅತಿ ಖುಷಿಯಾದ ಗಳಿಗೆ ಅದು.

ಘಾಟಿಯ ತಿರುವಿನಲ್ಲಿ ಒಬ್ಬ ಹೆಂಗಸು ನಡೆಸುವ ಸಣ್ಣ ಹೋಟೆಲಿತ್ತು. ಕಿಟಕಿ ಪಕ್ಕದ ಟೇಬಲ್ ಸಿಕ್ಕಿತು. ನಾನು ಸೆರಗು ಸರಿಮಾಡಿಕೊಂಡು, ಮದುವೆ ಮನೆಯ ಬೀಗಿತ್ತಿಯ ಹಾಗೆ ಕೂತೆ. ಇವರು ಬ್ಯಾಗಿನೊಳಗೆ ಕೈ ಹಾಕಿ ಬನಿಯನ್ ಸುತ್ತಿದ ಒಂದು ಗಂಟು ತೆಗೆದರು. ಬಿಚ್ಚಿದರೆ ರಾಗಿ ಹಿಟ್ಟು, ಜೊತೆಗೆ ನಮ್ಮ ಮನೆಯ ಮುದ್ದೆ ಕೋಲು!

"ಅನ್ನ ತಿಂದು ತಿಂದು ಹೊಟ್ಟೇಲಿ ನಿಲ್ತಾನೇ ಇಲ್ಲ ಕಣೇ. ಒಂದೇ ಒಂದು ಮುದ್ದೆ ಮಾಡ್ಕೊಡು. ಆಯಮ್ಮನ ಅಡಿಗೆ ಮನೆ ಅಲ್ಲೇ ಐತೆ."

ನನಗೆ ಮೈಯೆಲ್ಲ ಉರಿದುಹೋಯಿತು. "ನಾನು ಏಳಲ್ಲ ಕಣ್ರೀ. ಬೇಕಾದ್ರೆ ನೀವೇ ಮಾಡ್ಕೊಳ್ಳಿ," ಅಂದೆ. ಊರಲ್ಲಾಗಿದ್ದರೆ ದೊಡ್ಡ ರಾದ್ಧಾಂತವೇ ಆಗುತ್ತಿತ್ತು. ಪರದೇಶ, ಸುತ್ತ ಜನ. ಇವರು ಕೋಲು ಹಿಡಿದು ಎದ್ದೇಬಿಟ್ಟರು. ಹೋಟೆಲಿನ ಹೆಂಗಸು ಹಿಟ್ಟನ್ನು ಮುಟ್ಟಿ ನೋಡಿ ನಕ್ಕಳು. ಅವಳು ಹೇಳಿದ್ದನ್ನು ಡ್ರೈವರ್ ತಿಳಿಸಿದ: ರಾಗಿ ಇಲ್ಲಿನ ಹಳ್ಳಿಗಳಲ್ಲೂ ಇದೆಯಂತೆ, ಅವಳ ತಾಯಿ ಹೀಗೇ ಮುದ್ದೆ ಮಾಡುತ್ತಿದ್ದಳಂತೆ, ತಾನು ಮಾತ್ರ ಕಲಿಯಲಿಲ್ಲವಂತೆ. ಇವಳೇ ಪುಣ್ಯವಂತೆ ಅಂದುಕೊಂಡೆ.

ನನ್ನ ಊಟ ಬಂತು. ಹೊಗೆಯಾಡುವ ಅನ್ನ, ತೆಂಗಿನ ಹಾಲಿನ ಬೇಳೆ, ಎಳೆ ಹಲಸಿನ ಪಲ್ಯ. ಹೆಂಗಸು ತಾನೇ ಬಡಿಸಿ, ತಿನ್ನಿ ಅಂತ ಕೈಸನ್ನೆ ಮಾಡಿದಳು. ಒಳಗಿನಿಂದ ಕೋಲು ಪಾತ್ರೆಗೆ ಬಡಿಯುವ ಸದ್ದು. ಸದ್ದಿನಲ್ಲೇ ಗೊತ್ತಾಯಿತು, ನೀರು ಕುದಿಯುವ ಮೊದಲೇ ಹಿಟ್ಟು ಸುರಿದಿದ್ದಾರೆ. ಗಂಟಾಗಲಿ, ಚೆನ್ನಾಗಿ ಆಗಲಿ ಅಂದುಕೊಂಡೆ. ಹೆಂಗಸು ಮತ್ತೆ ಬಂದು ಏನಾದರೂ ಬೇಕೇ ಎಂಬಂತೆ ನೋಡಿದಳು. ನಾನು ಏನೂ ಬೇಡ ಅಂತ ತಲೆಯಾಡಿಸಿದೆ.

ಬಹಳ ಹೊತ್ತಿನ ಮೇಲೆ ಇವರು ಬೆವರು ಸುರಿಸುತ್ತಾ, ಮೀಸೆಯೆಲ್ಲ ಹಿಟ್ಟು ಮಾಡಿಕೊಂಡು, ಬಿರುಕು ಬಿಟ್ಟ ಮುದ್ದೆಯನ್ನು ತಟ್ಟೆಯಲ್ಲಿಟ್ಟುಕೊಂಡು ಬಂದರು. ನನ್ನ ತಟ್ಟೆ ನೋಡಿ ನಿಂತೇಬಿಟ್ಟರು. ಬೇಳೆಯ ಮೇಲೆ ಕೆನೆ ಕಟ್ಟಿತ್ತು.

"ಯಾಕೇ, ಇನ್ನೂ ಉಂಡಿಲ್ವಾ? ನನ್ ಮೇಲೆ ಕೋಪಾನಾ?"

ಕೋಪವೇ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ತಿನ್ನಬೇಡ ಅನ್ನುವವರು ಆ ಬೆಟ್ಟದ ಮೇಲೆ ಯಾರೂ ಇರಲಿಲ್ಲ. ಆದರೂ ತೊಳೆದ ಕೈ ಅಷ್ಟು ಹೊತ್ತೂ ಮಡಿಲಲ್ಲೇ ಇತ್ತು. ಮನೆಯ ಗಂಡಸು ಇನ್ನೂ ಉಂಡಿಲ್ಲ ಅಂತ ಕಾಯುತ್ತಾ ಕೂತಿದ್ದೇನೆ ಎಂದು ನನಗೇ ತಿಳಿದಿರಲಿಲ್ಲ. ಅಳು ಬಂತು.

"ತುಂಬಾ ಬಿಸಿ ಇತ್ತು, ಆರ್ಲಿ ಅಂತ ಬಿಟ್ಟಿದ್ದೆ," ಅಂದೆ.

ಅವರು ಕೂತು ಮೊದಲ ತುತ್ತು ನುಂಗಿದರು. ಆಮೇಲೆ ನಾನು ತಣ್ಣಗಿನ ಅನ್ನಕ್ಕೆ ಕೈ ಹಾಕಿದೆ.