ಬಸವಣ್ಣನಿಗೆ ಸೋಮವಾರ ಸೂಜಿ

“ರೊಕ್ಕ ಬ್ಯಾಡಪಾ. ಯಾರದರ ಎತ್ತಿಗಿ ಆಗಲಿ, ಇಟಗೋ,” ಎನ್ನುತ್ತ ಪಾಮನಕಲ್ಲೂರಿನ ಹಿರಿಯರೊಬ್ಬರು ಮಸ್ಕಿಯ ದನದ ಔಷಧ ಅಂಗಡಿಯಲ್ಲಿ ಒಡೆಯದ ಎರಡು ಇಂಜೆಕ್ಷನ್ ಬಾಟಲಿಗಳನ್ನಿಟ್ಟರು. ನಮ್ಮ ಎಮ್ಮೆಯ ಹೊಟ್ಟೆಯುಬ್ಬರಕ್ಕೆ ಔಷಧ ಒಯ್ಯುವ ಘನಕಾರ್ಯದ ಮೇಲೆ ಬಂದು ಮುಂದೆ ನಿಂತಿದ್ದ ನಾನು ಸರಿದು ಜಾಗ ಕೊಟ್ಟೆ.

ಸೆಫ್ಟ್ರಿಯಾಕ್ಸೋನ್ ಎಂದು ಬರೆದಿತ್ತು. ಬಾಟಲಿ ಹೆಬ್ಬೆರಳಷ್ಟು, ಹೆಸರು ಮಾತ್ರ ಬಂಡಿಯಷ್ಟು. ಎತ್ತಿನ ಕಾಲಿನ ಗಾಯ ನಂಜಾಗಿದ್ದಕ್ಕೆ ಕೊಟ್ಟದ್ದಂತೆ.

“ಯಜಮಾನ್ರ, ಒಂದ ದಿನಾನೂ ಬಿಡಬ್ಯಾಡ್ರಿ ಅಂದಿದ್ರಲ್ಲ ಡಾಕ್ಟ್ರು?” ಅಂಗಡಿಯವ ಕೇಳಿದ.

“ನಡುವ ಸೋಮವಾರ ಬಂತಲ್ಲಪಾ. ಅವತ್ತ ಬಸವಣ್ಣನ ಹೆಗಲಿಗಿ ನೊಗಾನ ಇಡಂಗಿಲ್ಲ, ಸೂಜಿ ಹ್ಯಾಂಗ ಚುಚ್ಚಸಲಿ? ಬಾವೂ ಇಳದಿತ್ತು. ಮಂಗಳವಾರ ಜ್ವರ ಏರಿ ಬಿತ್ತು, ಮ್ಯಾಲ ಏಳಲಿಲ್ಲ.”

ಅಂಗಡಿಯವ ಬಾಟಲಿಗಳನ್ನು ಒಳಗೆತ್ತಿಟ್ಟ. ಇನ್ನೊಂದು ಎತ್ತು ಹೇಗಿದೆ ಎಂದು ನಾನೇ ಕೇಳಿದೆ.

“ಜೋಡಿ ಹೋದ ಎತ್ತರೀ ಅದು. ಅದಕ್ಕೀಗ ದಿನಾ ಸೋಮವಾರನ.”

ಔಷಧಕ್ಕೆ ವಾರ, ತಿಥಿ ತಿಳಿಯದು ಎಂಬ ಉಪದೇಶ ನನ್ನ ನಾಲಿಗೆಯ ತುದಿಯಲ್ಲಿತ್ತು, ಅಲ್ಲೇ ಉಳಿಯಿತು. ಸೋಮವಾರ ನಮ್ಮ ಕೊಟ್ಟಿಗೆಯಲ್ಲೂ ನೊಗ ಗೋಡೆಗೆ ಒರಗಿರುತ್ತದೆ. ಅದನ್ನು ಕಂಡಾಗಲೆಲ್ಲ, ನಾನು ನೋಡಿಯೇ ಇರದ ಆ ಒಂಟಿ ಎತ್ತು ಕಣ್ಣಮುಂದೆ ಬಂದು ನಿಲ್ಲುತ್ತದೆ.