ಗಯೆಯಲ್ಲಿ ಬಿಟ್ಟದ್ದು

ಬಾಳೆ ಎಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸುವಾಗ ಏಳುವ ವಾಸನೆ ಇವತ್ತಿಗೂ ನನಗೆ ಮೊದಲು ತರುವುದು ಸಿಟ್ಟನ್ನು. ಎಲೆ ಮೆತ್ತಗಾಗುತ್ತ ಅಂಚಿನಲ್ಲಿ ಚಿಟಿಚಿಟಿ ಎನ್ನುವಾಗ ಉಳಿದವರಿಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಕೊಪ್ಪದ ನಮ್ಮ ಅಡುಗೆಮನೆ, ಅದರೊಳಗೆ ಒಬ್ಬರ ಮುಖ ಒಬ್ಬರು ನೋಡದೆ ಓಡಾಡುತ್ತಿದ್ದ ಇಬ್ಬರು ಹೆಂಗಸರು. ಬಾಲ್ಯವೆಂದರೆ ಬಂಗಾರ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಮನೆಯಲ್ಲಿದ್ದದ್ದು ಹುಳಿ ಹಾಕಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ ಹಿತ್ತಾಳೆ. ನಿಮ್ಮ ಮನೆಯಲ್ಲೂ ಇಂಥ ಇಬ್ಬರು ಇದ್ದು, ಈಗ ಇಲ್ಲವಾಗಿದ್ದರೆ, ನಾನು ಏನು ಹೇಳುತ್ತಿದ್ದೇನೆಂದು ನಿಮಗೆ ತಿಳಿಯುತ್ತದೆ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮುಂದುಗಡೆ ಅಪ್ಪನ ದಿನಸಿ ಅಂಗಡಿ, ಹಿಂದುಗಡೆ ನಮ್ಮ ಮನೆ. ಬೆಲ್ಲ, ಒಣಮೆಣಸು, ಸೀಮೆಎಣ್ಣೆಗಳ ವಾಸನೆ ಗೋಡೆ ದಾಟಿ ಹಾಸಿಗೆಯವರೆಗೂ ಬರುತ್ತಿತ್ತು. ಅಮ್ಮ ಹಗಲೆಲ್ಲ ಅಂಗಡಿಯಲ್ಲಿ ಕೂರುತ್ತಿದ್ದಳು. ಅಡುಗೆಮನೆ ಶಾರದತ್ತೆಯದು. ಶಾರದತ್ತೆ ನನ್ನ ಅಜ್ಜನ ತಂಗಿ. ಭಂಡಿಗಡಿಗೆ ಮದುವೆಯಾಗಿ ಹೋಗಿ, ಗಂಡ ಬೇಗ ತೀರಿಕೊಂಡ ಮೇಲೆ ಅಣ್ಣನ ಮನೆಗೆ ವಾಪಸ್ಸು ಬಂದವಳು. ಅಪ್ಪ ಕರೆದ ಹಾಗೆ ನಾವೂ ಅವಳನ್ನು ಶಾರದತ್ತೆ ಎನ್ನುತ್ತಿದ್ದೆವು. ಅಜ್ಜಿ ಮೆಣಸೆ ಎಂಬ ಊರಿನ ಕಡೆಯವಳು. ಒಲೆಯ ಮುಂದೆ ಕೂರುವ ತಾಳ್ಮೆ ಅವಳಿಗಿರಲಿಲ್ಲ, ಕೂತವರ ತಪ್ಪು ಹುಡುಕುವ ತಾಳ್ಮೆ ಬೇಕಾದಷ್ಟಿತ್ತು. ಆದರೂ ಇಬ್ಬರೂ ಒಂದೇ ತಟ್ಟೆಯ ಅವಲಕ್ಕಿಗೆ ಕೈ ಹಾಕುತ್ತ, ಓಣಿಯವರನ್ನೆಲ್ಲ ಆಡಿಕೊಂಡು ನಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದೂ ಒಂದು ಕಾಲ.

ಅಜ್ಜನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಡಾಕ್ಟರು ಸಿಹಿ ಬಿಡಿಸಿದ್ದರು. ಹಲಸಿನ ಹಣ್ಣಿನ ಕಾಲ. ಅಜ್ಜ ತಂಗಿಯ ಹಿಂದೆ ಮಗುವಿನ ಹಾಗೆ ತಿರುಗಿ, ಒಂದೇ ಒಂದು ಕಡುಬು ಮಾಡಿಕೊಡು ಎಂದು ಗೋಗರೆದ. ಅವಳು ಕದ್ದು ಮಾಡಿಕೊಟ್ಟಳು. ಆ ವಾರವೇ ಅಜ್ಜ ಹೋದ. ಎದೆ ನಿಂತು ಹೋದದ್ದು, ಕಡುಬಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರೇ ಹೇಳಿದರೂ ಅಜ್ಜಿ ಕೇಳಲಿಲ್ಲ. ಹದಿಮೂರನೆಯ ದಿನದ ಊಟ ಮುಗಿದದ್ದೇ ಶಾರದತ್ತೆಯ ಜೊತೆ ಮಾತು ಬಿಟ್ಟಳು. ಅಲ್ಲಿಂದ ಇಬ್ಬರ ನಡುವಿನ ಟಪಾಲು ನಾನಾದೆ. ಪಕ್ಕದಲ್ಲೇ ಬಡಿಸುತ್ತ ನಿಂತವಳ ಕಡೆ ತಿರುಗದೆ ಅಜ್ಜಿ, "ಕೂಸೆ, ಹೇಳು ಅವಳಿಗೆ, ಉಪ್ಪು ಕಮ್ಮಿ ಅಂತ" ಎನ್ನುವಳು. ಶಾರದತ್ತೆ, "ಹೇಳು, ಉಪ್ಪಿನ ಮರಿಗೆ ಅವರ ಎದುರಿಗೇ ಉಂಟು ಅಂತ" ಎಂದು ಆ ಮರದ ಬಟ್ಟಲನ್ನು ಅತ್ತ ತಳ್ಳುವಳು. ಉಪ್ಪು ಒಂದು ದಿನವೂ ಕಮ್ಮಿ ಇರುತ್ತಿರಲಿಲ್ಲ. ಕೊಂದ ಕೈ ಎಂದು ಹೇಳಲಾಗದೆ ಅಜ್ಜಿ ಉಪ್ಪನ್ನು ಹಿಡಿದುಕೊಂಡಿದ್ದಳು, ಅಷ್ಟೆ. ತಿನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ, ಎರಡನೇ ಸಲ ಬಡಿಸಿದರೂ ಬೇಡ ಎನ್ನುತ್ತಿರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಚಳಿಗಾಲದಲ್ಲಿ ಕೊಪ್ಪದಿಂದ ಕಾಶಿ-ಗಯೆಗೆ ಯಾತ್ರೆಯ ಬಸ್ಸು ಹೊರಟಿತು. ಅಜ್ಜನಿಗೆ ಗಯೆಯಲ್ಲಿ ಪಿಂಡ ಹಾಕಬೇಕೆಂದು ಅಪ್ಪ ಇಬ್ಬರನ್ನೂ ಹೊರಡಿಸಿಕೊಂಡು ತಾನೂ ಹೊರಟ. ಟಪಾಲಿಲ್ಲದೆ ನಡೆಯುವುದಿಲ್ಲವಲ್ಲ, ನಾನೂ ಹೊರಟೆ. ಬಸ್ಸಿನ ತಲೆಯ ಮೇಲೆ ಅಕ್ಕಿಚೀಲ, ಗ್ಯಾಸ್ ಸಿಲಿಂಡರು, ಹಂಡೆ. ಊರು ಬಿಟ್ಟು ಸ್ವಲ್ಪ ದಿನಕ್ಕೇ ಅಡುಗೆಯವರು ಜ್ವರ ಬಂದು ಮಲಗಿದರು. ಯಾರೂ ಕೇಳದಿದ್ದರೂ ಶಾರದತ್ತೆ ಸೆರಗು ಕಟ್ಟಿ ಹಂಡೆಯ ಮುಂದೆ ನಿಂತಳು. ಅವಳ ಸಾರಿಗೆ ಇಡೀ ಬಸ್ಸು ಮರುಳಾಯಿತು. ನರಸಿಂಹರಾಜಪುರದ ಒಬ್ಬರು ನಿವೃತ್ತ ಮೇಷ್ಟ್ರು, ಎಲ್ಲದಕ್ಕೂ ಅರ್ಥ ಹೇಳುವವರು, ಪ್ರತಿ ಊಟಕ್ಕೂ "ಶಾರದಮ್ಮಾ, ನಿಮ್ಮ ಕೈಲಿ ಅಮೃತ ಉಂಟು ಮಾರಾಯ್ರೆ" ಎನ್ನುವರು. ಕೈ ಎಂದಾಗಲೆಲ್ಲ ಅಜ್ಜಿಯ ದವಡೆ ಬಿಗಿಯುತ್ತಿತ್ತು.

ಗಯೆಯಲ್ಲಿ ಪಿಂಡ ಹಾಕಿದ ಮೇಲೆ ಅಕ್ಷಯವಟದ ಕೆಳಗೆ ಏನಾದರೊಂದನ್ನು ಬಿಡಬೇಕು. ಒಂದು ಹಣ್ಣು, ಒಂದು ತರಕಾರಿ, ಇಷ್ಟವಾದದ್ದು. ಬಿಟ್ಟದ್ದನ್ನು ಸಾಯುವವರೆಗೆ ಬಾಯಿಗೆ ಹಾಕುವಂತಿಲ್ಲ. ನಮ್ಮ ಬಸ್ಸಿನವರೆಲ್ಲ ಜಾಣರು. ಊರಿನಲ್ಲಿ ಸಿಗದ ಹಣ್ಣು, ಹುಟ್ಟಿದಾಗಿನಿಂದ ಮುಟ್ಟದ ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಂಡರು. ಕನ್ನಡ ಬರುವ ಪುರೋಹಿತರು ಶಾರದತ್ತೆಯನ್ನು ಕೇಳಿದರು. ಅವಳು ತಲೆಬಗ್ಗಿಸಿ, "ಹಲಸು" ಎಂದಳು. ಹಲಸೆಂದರೆ ಪ್ರಾಣ ಬಿಡುವವಳು, ಬೀಜವನ್ನೂ ಸುಟ್ಟು ತಿನ್ನುವವಳು. ಅಣ್ಣನ ಹೆಸರಿನಲ್ಲಿ ಅದನ್ನು ಬಿಡುತ್ತಿದ್ದಾಳೆಂದು ನನಗೂ ಗೊತ್ತಾಯಿತು. ಅಜ್ಜಿಗೆ ಮಾತ್ರ ಅದು ತಪ್ಪೊಪ್ಪಿಗೆಯಾಗಿ ಕೇಳಿಸಿತು. "ಕಂಡ್ಯಾ? ತಾನೇ ಒಪ್ಪಿಕೊಂಡಳು" ಎಂದು ಅಪ್ಪನ ತೋಳು ಹಿಡಿದು ಅಲುಗಿಸಿದಳು. ಅವಳ ಸರದಿ ಬಂದಾಗ ಗಟ್ಟಿಯಾಗಿ, "ನಾನು ಇವಳ ಕೈಯಡುಗೆ ಬಿಟ್ಟೆ" ಎಂದಳು. ಪುರೋಹಿತರು, "ಅಮ್ಮಾ, ಹಣ್ಣು ತರಕಾರಿ ಹೇಳಿ" ಎಂದರು. ಅಜ್ಜಿ ಇನ್ನೊಮ್ಮೆ ಅದನ್ನೇ ಹೇಳಿದಳು. ಹಿಂದೆ ಸಾಲು ಉದ್ದವಿತ್ತು, ಅವರು ನೀರು ಬಿಡಿಸಿ ಮುಂದಿನವರನ್ನು ಕರೆದರು. ನನಗೆ ಆ ಮರಕ್ಕೂ ಆ ನೀರಿಗೂ ಕಲ್ಲು ಹೊಡೆಯಬೇಕೆನಿಸಿತು.

ಆ ದಿನದ ಊಟ ಶಾರದತ್ತೆಯ ಕೈಯದೇ. ಹೋಟೆಲಿನದನ್ನು ಅಜ್ಜಿ ಮುಟ್ಟುವವಳಲ್ಲ. ಎಲ್ಲರೂ ಉಣ್ಣುವಾಗ ಅವಳು ಬಸ್ಸಿನಲ್ಲಿ ಕೂತು ಒಂದು ಬಾಳೆಹಣ್ಣು ತಿಂದು ನೀರು ಕುಡಿದಳು. ಮಧ್ಯಾಹ್ನ ಬುದ್ಧಗಯೆಗೆ ಹೋದೆವು. ನನಗೆ ಆ ಜಾಗ ಕಂಡದ್ದೇ ಇನ್ನಷ್ಟು ಸಿಟ್ಟು ಬಂತು. ಅಷ್ಟು ಶಾಂತಿ ಒಂದೇ ಕಡೆ ಸುರಿದುಕೊಂಡಿದ್ದರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ! ಎತ್ತರದ ಗೋಪುರ, ಅದರ ಬೆನ್ನಿಗೆ ಆ ಅರಳಿಮರ, ಬೆಣ್ಣೆದೀಪಗಳ ಕಮಟು, ಕೆಂಪು ಬಟ್ಟೆಯ ಸನ್ಯಾಸಿಗಳ ಗುಂಯ್‌ಗುಟ್ಟುವ ಮಂತ್ರ. ಹಲಗೆಗಳ ಮೇಲೆ ಉದ್ದಕ್ಕೆ ಬಿದ್ದು, ಎದ್ದು, ಮತ್ತೆ ಬೀಳುವ ಟಿಬೆಟ್ಟಿನ ಮುದುಕಿಯರ ಅಂಗೈ ಮರಕ್ಕೆ ಉಜ್ಜಿ ಸರ್‌ ಸರ್‌ ಸದ್ದು. ಬುದ್ಧ ಹಿಂದೆ ಮುಂದೆ ನಡೆದಾಡಿದನೆನ್ನುವ ಕಡೆ ಸಾಲಾಗಿ ಕಲ್ಲಿನ ತಾವರೆ. ಎಲೆಯೊಂದು ಬಿದ್ದರೆ ಸಾಕು, ದೊಡ್ಡ ದೊಡ್ಡವರೆಲ್ಲ ಮಕ್ಕಳ ಹಾಗೆ ಓಡಿ ಹೆಕ್ಕುತ್ತಿದ್ದರು. ನಮ್ಮ ಮನೆಯ ಇಬ್ಬರು ಆ ಮರದ ಎರಡು ಬದಿಗೆ ಬೆನ್ನು ತಿರುಗಿಸಿ ಕೂತರು. ಯಾವ ಎಲೆಯೂ ಅವರ ಕಡೆ ಬೀಳಲಿಲ್ಲ.

ಮೇಷ್ಟ್ರು ಅಲ್ಲೇ ಕತೆ ಶುರುಮಾಡಿದರು. ಆರು ವರ್ಷ ಉಪವಾಸ ಮಾಡಿ ಎಲುಬಾಗಿದ್ದ ಸಿದ್ಧಾರ್ಥನಿಗೆ ಹೊಳೆಯಾಚೆಯ ಸುಜಾತೆ ಎಂಬ ಹೆಂಗಸು ಪಾಯಸ ತಂದುಕೊಟ್ಟಳು. ಅವನು ಹಟ ಬಿಟ್ಟು ಉಂಡ. ವ್ರತಗೆಟ್ಟ ಎಂದು ಜೊತೆಯ ಐವರು ಬಿಟ್ಟು ಹೋದರು. ಉಂಡ ಮೇಲೇ ಅವನು ಈ ಮರದ ಕೆಳಗೆ ಕೂತು ಬುದ್ಧನಾದದ್ದು. ಕೇಳುತ್ತ ಕೂತಿದ್ದ ಶಾರದತ್ತೆ ಎದ್ದಳು. ಚೀಲದಿಂದ ಡಬ್ಬಿ ತೆಗೆದಳು. ಬೆಳಗಿನ ಗಲಾಟೆಯಾದ ಮೇಲೂ ಅಜ್ಜಿಗೆಂದು ಮೊಸರನ್ನ ಕಲಸಿ ತಂದಿದ್ದಳು. ಮರ ಸುತ್ತಿ ಬಂದು ಅಜ್ಜಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ನನ್ನ ಮೂಲಕವಲ್ಲ, ನೇರವಾಗಿ ಹೇಳಿದಳು.

"ಅತ್ತಿಗೆ, ಬುದ್ಧನೇ ಉಂಡನಂತೆ. ನೀವೆಂತ ಅವನಿಗಿಂತ ದೊಡ್ಡವರಾ? ಒಂದು ತುತ್ತು ತಗೊಳಿ."

ಅಜ್ಜಿಯೂ ಎಷ್ಟೋ ಕಾಲದ ಮೇಲೆ ಅವಳ ಮುಖ ನೋಡಿದಳು. "ಬುದ್ಧ ಬೆಳಿಗ್ಗೆ ಗಯೆಯಲ್ಲಿ ನೀರು ಬಿಟ್ಟು ಬಂದಿರ್ಲಿಲ್ಲ" ಎಂದಳು. ದನಿಯಲ್ಲಿ ಬೆಳಗಿನ ಬಿರುಸು ಇರಲಿಲ್ಲ. ಕಣ್ಣು ಡಬ್ಬಿಯ ಮೇಲೆಯೇ ಇತ್ತು. ಕೈ ನೆಲಕ್ಕೆ ಊರಿಕೊಂಡಿತ್ತು, ಏಳಲಿಲ್ಲ.

ಅಷ್ಟರಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ಬಂದಳು. ಸಿಂಹಳದ ಗುಂಪಿನವಳು. ಸುಜಾತೆಯ ನೆನಪಿಗೆ ಬುದ್ಧನಿಗೆ ಒಪ್ಪಿಸಿದ ಹಾಲನ್ನವನ್ನು ಎಲ್ಲರಿಗೂ ಹಂಚುತ್ತಿದ್ದಳು. ಅಜ್ಜಿಯ ಬಾಡಿದ ಮುಖ ಕಂಡು, ಯಾವುದೋ ಭಾಷೆಯಲ್ಲಿ ಅಮ್ಮಾ ಎಂಬಂಥ ಮಾತಾಡಿ, ಒಂದು ದೊನ್ನೆ ಕೈಗಿಟ್ಟಳು. ಮಡಿ ಮಡಿ ಎಂದು ಪಕ್ಕದ ಮನೆಯ ಕಾಫಿ ಕುಡಿಯದ ನನ್ನ ಅಜ್ಜಿ, ಜಾತಿ ಕೇಳದೆ, ಊರು ಕೇಳದೆ, ಅದನ್ನು ಗಬಗಬ ತಿಂದುಬಿಟ್ಟಳು. ಶಾರದತ್ತೆ ಡಬ್ಬಿ ಹಿಡಿದುಕೊಂಡು ಅದನ್ನು ಕೊನೆಯ ಅಗುಳಿನವರೆಗೂ ನೋಡಿದಳು. ಆಮೇಲೆ ಮುಚ್ಚಳ ಹಾಕಿ, ಕಲ್ಲಿನ ಕಟಕಟೆಯ ಕಡೆ ಮುಖ ಮಾಡಿ ನಿಂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ದೊನ್ನೆಯನ್ನು ಕಿತ್ತು ಎಸೆಯದೆ ಬಿಟ್ಟದ್ದು ಹೇಗೋ ನನಗೆ ಗೊತ್ತಿಲ್ಲ.

ಸಂಜೆ ಒಣಗಿದ ಹೊಳೆ ದಾಟಿ ಸುಜಾತೆಯ ಊರಿಗೂ ಕರೆದುಕೊಂಡು ಹೋದರು. ಹಳೆಯ ಇಟ್ಟಿಗೆಯ ದೊಡ್ಡ ದಿಬ್ಬ, ಸುತ್ತ ಸಾಸಿವೆ ಗದ್ದೆ, ದಿಬ್ಬದ ಬುಡದಲ್ಲಿ ಮೇಯುವ ಆಡು. ಹೊಟ್ಟೆಗೆ ಬಿದ್ದ ಮೇಲೆ ಅಜ್ಜಿಗೆ ನಾಲಿಗೆ ಬಂದಿತ್ತು. "ಒಂದು ಬಟ್ಟಲು ಪಾಯಸ ಕೊಟ್ಟದ್ದಕ್ಕೆ ಇಷ್ಟು ದೊಡ್ಡ ಗುಡ್ಡೆ ಕಟ್ಟಿದ್ದಾರಾ!" ಎಂದಳು.

"ನಾನು ನಿಮ್ಮ ಮನೆಯಲ್ಲಿ ಹುಡುಗಿ ಆಗಿದ್ದಾಗಿಂದ ಬೇಯಿಸಿ ಹಾಕ್ತಾ ಬಂದೆ ಅತ್ತಿಗೆ" ಎಂದಳು ಶಾರದತ್ತೆ. "ನಂಗೆ ಒಂದು ಇಟ್ಟಿಗೆಯೂ ಬೇಡ. ಅಣ್ಣನ್ನ ಕೊಂದವಳು ಅನ್ನದಿದ್ರೆ ಸಾಕಿತ್ತು."

ಅಜ್ಜಿ ಸೆರಗು ಹೊದ್ದು ಬಸ್ಸಿನ ಕಡೆ ನಡೆದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಗಯೆಯಲ್ಲಿ ಬಿಟ್ಟದ್ದನ್ನ ವಾಪಸ್ ತಗೊಳ್ಬಹುದಾ, ಮೇಷ್ಟ್ರತ್ರ ಕೇಳು. ನಾನು ಕೇಳಿದ್ದು ಅನ್ಬೇಡ" ಎಂದಳು. ಕೇಳಿದೆ. ಮೇಷ್ಟ್ರು ಕನ್ನಡಕ ಒರೆಸುತ್ತ, "ಗಯೆಯಲ್ಲಿ ಬಿಟ್ಟದ್ದು ಬಿಟ್ಟದ್ದೇ ಕೂಸೆ" ಎಂದರು. ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟವರಿಗೆ ಶಾಸ್ತ್ರ ಎಷ್ಟು ಗೊತ್ತಿತ್ತೋ! ಆದರೆ ಅವರ ಆ ಒಂದು ಮಾತು ನಮ್ಮ ಮನೆಗೆ ಕಾನೂನಾಯಿತು. ಆ ಮೇಷ್ಟ್ರ ಮೇಲಿನ ನನ್ನ ಕೋಪ ಇನ್ನೂ ಇಳಿದಿಲ್ಲ.

ಕೊಪ್ಪಕ್ಕೆ ಬಂದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯ ಸೀಮೆಎಣ್ಣೆ ಸ್ಟೌ ಬಂತು. ಒಂದೇ ಸೂರಿನಡಿ ಎರಡು ಅಡುಗೆ. ಅಜ್ಜಿಗೆ ಅನ್ನ ಒಂದು ದಿನ ಸೀಯುತ್ತಿತ್ತು, ಇನ್ನೊಂದು ದಿನ ಬೇಯುತ್ತಿರಲಿಲ್ಲ. ಬುದ್ಧಗಯೆಯಲ್ಲಿ ಬಾಯಿಬಿಟ್ಟದ್ದಕ್ಕೆ ಇಬ್ಬರೂ ಈಗ ನೇರವಾಗಿಯೇ ಮಾತಾಡುತ್ತಿದ್ದರು, ಮಾತೆಂದರೆ ಜಗಳ. ಜಗಳದ ನಡುವೆಯೇ ಶಾರದತ್ತೆ, "ಉರಿ ಜಾಸ್ತಿಯಾಯ್ತು, ಇಳಿಸಿ ಅತ್ತಿಗೆ" ಎನ್ನುವಳು, ಅಜ್ಜಿ ಬೈಯುತ್ತಲೇ ಇಳಿಸುವಳು. ಶಾರದತ್ತೆ ಒಗ್ಗರಣೆ ಹಾಕಿದರೆ ಅಜ್ಜಿ ಕೆಲಸವಿಲ್ಲದಿದ್ದರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು, ವಾಸನೆಗೆ. ಪ್ರಾಯಶ್ಚಿತ್ತ ಮಾಡಿಸಿಬಿಡೋಣ, ಶೃಂಗೇರಿಯಲ್ಲಿ ಯಾರನ್ನಾದರೂ ಕೇಳುತ್ತೇನೆ ಎಂದು ಅಪ್ಪ ಎಷ್ಟು ಸಲ ಹೇಳಿದನೋ. "ನಿನ್ನಪ್ಪನ ಹೆಸರಲ್ಲಿ ಬಿಟ್ಟದ್ದು ಮಾರಾಯ. ಹಿಂದೆ ತಗೊಂಡ್ರೆ ಅವರಿಗೆ ದೋಷ ತಟ್ಟಿದ್ರೆ?" ಎನ್ನುವಳು ಅಜ್ಜಿ. ಸತ್ತವನ ಭಯಕ್ಕೆ ಬದುಕಿದ್ದವರಿಬ್ಬರು ಸೊರಗಿದರು. ಇದನ್ನು ಭಕ್ತಿ ಎನ್ನಲು ನನ್ನಿಂದಾಗದು.

ನನ್ನ ಪಿಯುಸಿ ಮುಗಿದ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಅಮ್ಮ ಮಾಡಿದ ಗಂಜಿಯೂ ಸೇರುತ್ತಿರಲಿಲ್ಲ. ಜೂನ್ ತಿಂಗಳ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಯಾರೋ ಹಲಸಿನ ಹಣ್ಣು ಕೊಯ್ದರು. ಘಮ ಒಳಗೆ ಬಂತು. ಅಜ್ಜಿ ಕಣ್ಣು ತೆರೆದು, "ಕಡುಬು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಶಾರದೆ ಮಾಡ್ತಿದ್ದಳಲ್ಲ, ಆ ಕಡುಬು" ಎಂದಳು. ಯಾವ ಕಡುಬಿಗಾಗಿ ಇಷ್ಟೆಲ್ಲ ಆಯಿತೋ ಅದನ್ನೇ ಕೇಳುತ್ತಿದ್ದಳು. ಅಪ್ಪ ಶಾರದತ್ತೆಯ ಮುಖ ನೋಡಿದ. ಒಬ್ಬಳಿಗೆ ಕೈ ನಿಷಿದ್ಧ, ಇನ್ನೊಬ್ಬಳಿಗೆ ಹಣ್ಣು.

ಶಾರದತ್ತೆ ಅಡುಗೆಮನೆಯ ಹೊಸ್ತಿಲಾಚೆ ಗೋಡೆಗೊರಗಿ ಕೂತಳು. ಕೈಯೆರಡನ್ನೂ ಸೆರಗಿನೊಳಗೆ ಸುತ್ತಿಕೊಂಡು, "ಬಾ ಕೂಸೆ, ಒಳಗೆ ಹೋಗು. ನಾನು ಬಾಯಲ್ಲಿ ಹೇಳ್ತೆ, ನೀನು ಕೈಯಲ್ಲಿ ಮಾಡು" ಎಂದಳು. ತೊಳೆ ಬಿಡಿಸಿದೆ. ರುಬ್ಬಿದೆ. ಅಕ್ಕಿತರಿ ಎಷ್ಟು, ಬೆಲ್ಲ ಎಷ್ಟು, ಕಾಯಿತುರಿ ಎಷ್ಟು ಎಂದು ಅವಳು ಆಚೆಯಿಂದ ಹೇಳುತ್ತ ಹೋದಳು. ಬಾಳೆ ಎಲೆ ಬಾಡಿಸುವಾಗ ಕಣ್ಣಿಂದ ನೋಡದೆ, ಬರೀ ವಾಸನೆ ಹಿಡಿದು, "ಸಾಕು, ತೆಗಿ" ಎಂದಳು. ಉಪ್ಪು ಸಾಕಾ, ರುಚಿ ನೋಡಿ ಎಂದು ಅಭ್ಯಾಸಬಲದಿಂದ ಚಮಚ ಚಾಚಿದೆ. ಅವಳು ಮುಖ ತಿರುಗಿಸಿದಳು. "ನಾನು ಹಲಸು ಮುಟ್ಟೂದಿಲ್ವಲ್ಲ ಕೂಸೆ. ನಿನ್ನ ಅಂದಾಜಿಗೆ ಹಾಕು."

ಬಿಸಿ ಆರಿದ ಮೇಲೆ ಅಜ್ಜಿಯ ಬಾಯಿಗೆ ಚೂರು ಚೂರಾಗಿ ಇಟ್ಟೆ. ಹಲ್ಲಿಲ್ಲದ ಬಾಯಿ ಬಹಳ ಹೊತ್ತು ಆಡಿತು. ಶಾರದತ್ತೆ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಅಜ್ಜಿಗೆ ಅವಳು ಕಾಣುತ್ತಿದ್ದಳು. ಆದರೂ ಆ ಕಡೆ ತಿರುಗದೆ, ನನ್ನ ಕೈ ಹಿಡಿದುಕೊಂಡು, ವರ್ಷಗಳಿಂದ ನಿಂತುಹೋಗಿದ್ದ ಆ ಮಾತನ್ನು ಹೇಳಿದಳು.

"ಕೂಸೆ, ಹೇಳು ಅವಳಿಗೆ. ಉಪ್ಪು ಕಮ್ಮಿ ಅಂತ."

ಶಾರದತ್ತೆ ಬಾಗಿಲ ಚೌಕಟ್ಟು ಹಿಡಿದು ನಕ್ಕಳು. ನಗುತ್ತ ನಗುತ್ತ ಅಲ್ಲೇ ಕುಸಿದು ಕೂತಳು. "ಹೇಳು" ಎಂದಳು, "ಅವರು ಹೇಳಿದ್ದು ಸರಿ ಅಂತ." ಎರಡೂ ಕಡೆಯ ಟಪಾಲು ನಾನು ತಲುಪಿಸಿದೆ. ಅಜ್ಜಿ ಇಡೀ ಕಡುಬು ತಿಂದಳು. ಆ ತಿಂಗಳು ದಾಟಲಿಲ್ಲ. ಮುಂದಿನ ಹಲಸಿನ ಕಾಲಕ್ಕೆ ಶಾರದತ್ತೆಯೂ ಇರಲಿಲ್ಲ.

ಆ ಮನೆ ಈಗಿಲ್ಲ. ಮೊಬೈಲು ಅಂಗಡಿಗಳ ಸಾಲು ಎದ್ದಿದೆ, ಒಲೆಯಿದ್ದ ಕಡೆ ಯಾರೋ ಚಾರ್ಜರು ಮಾರುತ್ತಾರೆ. ಅವರಿಬ್ಬರ ಮೇಲೆ ನನಗೆ ಈಗಲೂ ಸಿಟ್ಟಿದೆ. ಇದ್ದಷ್ಟು ದಿನ ಒಂದೇ ತಟ್ಟೆಯಲ್ಲಿ ತಿನ್ನಬಹುದಿತ್ತು, ತಿನ್ನಲಿಲ್ಲ. ಪ್ರತಿ ಜೂನಿನಲ್ಲಿ ಶಿವಮೊಗ್ಗದ ಈ ಬಾಡಿಗೆ ಮನೆಯಲ್ಲಿ ಎಲೆ ಬಾಡಿಸಿ ಕಡುಬು ಮಾಡುತ್ತೇನೆ. ಬೇಕೆಂದೇ ಉಪ್ಪು ಕಮ್ಮಿ ಹಾಕುತ್ತೇನೆ. ಮನೆಯವರೆಲ್ಲ ಚೆನ್ನಾಗಿದೆ ಎಂದು ಸುಮ್ಮನೆ ತಿಂದು ಏಳುತ್ತಾರೆ.